ಹತ್ತು ಅಂಕಕ್ಕೆ ವ್ಯಾಖ್ಯಾನಿಸಿ

ದಾಂಡೇಲಿ
23 ಫೆಬ್ರವರಿ 2025

ನಿರ್ಮಲಕ್ಕಾ, ನಮಸ್ಕಾರ.

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀವು "ಹಲೋ, ಯಾರ್ರಿ ಅದು? ಜೋರ ಮಾತಾಡ್ರಿ" ಎಂದು ಇಟ್ಟುಬಿಟ್ಟಿರಿ. ಕಿವಿಯ ಮಷಿನ್ನು ಫೋನಿಗೆ ಹೊಂದುವುದಿಲ್ಲ ಎಂದು ನೀವೇ ಹೇಳಿದ್ದಿರಿ. ಹಾಗಾಗಿ ಕಾಗದ. ಹಳಿಯಾಳದ ನಮ್ಮ ಕಾಲೇಜಿನಲ್ಲಿ ನಿಮ್ಮ ಪಕ್ಕದ ಕುರ್ಚಿಯಲ್ಲಿ ಹನ್ನೊಂದು ವರ್ಷ ಕೂತವಳು ನಾನು. ನೀವು ಮುಂಡಗೋಡಿಗೆ ವರ್ಗವಾಗಿ ಹೋದ ಮೇಲೆ ಇಂಥ ವಿಷಯ ಹೇಳಿಕೊಳ್ಳಲು ಇಲ್ಲಿ ಯಾರೂ ಇಲ್ಲ.

ಈ ವರ್ಷ ಪ್ರತಿ ವಿಷಯಕ್ಕೂ ‘ಕಲಿಕೆಯ ಗುರಿ’ ಬರೆದು ಪೋರ್ಟಲ್‌ಗೆ ಏರಿಸಬೇಕಿತ್ತು. ಪಾಠ ಮುಗಿದಾಗ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು ಎಂಬುದು. ಎಲ್ಲರೂ ಹೋದ ವರ್ಷದ್ದನ್ನೇ ಅಂಟಿಸಿದರು. ನಾನೂ ಅಂಟಿಸುವವಳೇ ಇದ್ದೆ. ಪೋರ್ಟಲ್ ನಾಲ್ಕು ಸಲ ನನ್ನನ್ನು ಹೊರಗೆ ಹಾಕಿತು. ಐದನೆಯ ಸಲ ಕಾಯುತ್ತ ಕೂತಾಗ, ಅಂಟಿಸಬೇಕಾಗಿದ್ದ ವಾಕ್ಯವನ್ನು ಮೊದಲ ಬಾರಿಗೆ ಓದಿದೆ. "ವಿದ್ಯಾರ್ಥಿಯು ಕ್ಷೇತ್ರಕಾರ್ಯದಲ್ಲಿ ದೊರೆತ ಉತ್ತರಗಳನ್ನು ಅರ್ಥೈಸಬಲ್ಲನು." ಆರನೇ ಸೆಮಿಸ್ಟರಿನ ಸಂಶೋಧನಾ ವಿಧಾನ. ಆರು ವರ್ಷದಿಂದ ಅದನ್ನು ಕಲಿಸುತ್ತಿದ್ದೇನೆ. ಒಬ್ಬರನ್ನೂ ಒಂದು ಮನೆಯ ಬಾಗಿಲಿಗೂ ಕರೆದುಕೊಂಡು ಹೋಗಿಲ್ಲ. ನೋಟ್ಸ್ ಬರೆಸಿದ್ದೇನೆ, ಅಷ್ಟೆ.

ಅದಕ್ಕೇ ಈ ತಿಂಗಳು ಹದಿನಾಲ್ಕು ಹುಡುಗಿಯರನ್ನು ಜೋಯಿಡಾ ಕಡೆ ಕರೆದುಕೊಂಡು ಹೋದೆ, ಸೂಪಾ ಅಣೆಕಟ್ಟಿನ ನೀರು ಬಂದಾಗ ಊರು ಬಿಟ್ಟವರ ಮನೆಗಳಿಗೆ. ಪ್ರಶ್ನೆಗಳ ಹಾಳೆ, ಪೆನ್ನು, ಬುತ್ತಿ. ಅವರಲ್ಲಿ ಸೌಂದರ್ಯಾ ಎಂಬವಳಿದ್ದಾಳೆ. ಹಳಿಯಾಳದ ಆಚೆಯ ಹಾಡಿಯವಳು. ತಂದೆ ತುಳಸಿರಾಮ ಕೂಲಿಗೆ ಹೋಗುತ್ತಾರೆ. ತರಗತಿಯಲ್ಲಿ ಮಾತೇ ಇಲ್ಲ. ಗೋದುಬಾಯಿ ಎಂಬ ಮುದುಕಿ ಅವಳ ಪ್ರಶ್ನೆಗಳಿಗೆ ಉತ್ತರ ಕೊಡಲಿಲ್ಲವಂತೆ. ಬಸ್ಸಿನಲ್ಲಿ ದಾಂಡೇಲಿಯವರೆಗೂ ಅದನ್ನೇ ಯೋಚಿಸುತ್ತಿದ್ದಳು. "ಮೇಡಂರಿ, ಆಕಿ ಉತ್ತರ ಕೊಡಲಿಲ್ಲಂತ ಬರದ್ರ ಅದು ಸುಳ್ಳು ಆಗ್ತೇತ್ರಿ" ಎಂದಳು.

ಸಂಜೀವಕುಮಾರ ಸರ್ ಸ್ಟಾಫ್ ರೂಮಿನಲ್ಲಿ ನಕ್ಕರು. "ಮೇಡಂ, ನೀವು ಹುಡುಗ್ಯಾರ್ನ ಕರ್ಕೊಂಡು ಜೋಯಿಡಾಕ್ಕ ಹೋದ್ರಿ. ಪ್ರಶ್ನೆಪತ್ರಿಕೆ ಇನ್ನೂ ನೋಟ್ಸ್‌ನ್ಯಾಗ ಕುಂತೇತಿ. ಅದನ್ನ ಯಾರು ಕರ್ಕೊಂಡು ಹೋಗಾವ್ರು?"

ನನ್ನ ಭಯವೂ ಅದೇ. ನೀವು ಅಧ್ಯಯನ ಮಂಡಳಿಯಲ್ಲಿದ್ದೀರಿ. ಗುರಿ ಕಾಗದದ ಮೇಲಿತ್ತು, ಪಾಠವನ್ನು ನಾನು ಅದಕ್ಕೆ ತಕ್ಕಂತೆ ಬದಲಾಯಿಸಿದೆ. ಪರೀಕ್ಷೆಯೂ ಬದಲಾಗುತ್ತದೆಯೇ?

ನಿಮ್ಮ
ಸುಮಿತಾ

*

ಮುಂಡಗೋಡ
9 ಮಾರ್ಚ್ 2025

ಪ್ರಿಯ ಸುಮಿತಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮನೆಯಲ್ಲಿ ದಾನೇಶ್ವರಿ ಕೇಳಿದಳು, "ಅತ್ತಿ, ಕಾಗದ ಅಂತ ಈಗ ಯಾರು ಬರೀತಾರ್ರಿ, ಕೋರ್ಟಿಂದ ಬಂತೇನು?" ಸೊಸೆಯ ಹೆದರಿಕೆ ಅವಳದು.

ಮಂಡಳಿಯ ಸಭೆ ಆಯಿತು. ಚಹಾ ಬಂತು, ಅವಲಕ್ಕಿ ಬಂತು, ಸಹಿ ಆಯಿತು. ಗುರಿಗಳ ಪಟ್ಟಿಯನ್ನು ಎಲ್ಲರೂ ಒಪ್ಪಿದರು. ಪರೀಕ್ಷೆಯ ಮಾತು ಬಂದಾಗ ಊಟದ ಹೊತ್ತಾಗಿತ್ತು. ಮೂವತ್ತು ವರ್ಷದಲ್ಲಿ ಇದು ನನಗೆ ಮೂರನೆಯ ಸುಧಾರಣೆ. ಗುರಿ, ಪಾಠ, ಪರೀಕ್ಷೆ: ಪ್ರತಿ ಸಲ ಒಂದು ಮುಂದೆ ಹೋಗುತ್ತದೆ, ಎರಡು ಹಿಂದೆ ಉಳಿಯುತ್ತವೆ. ನನಗೆ ದಣಿವಾಗಿದೆ. ನಿವೃತ್ತಿಗೆ ಇನ್ನು ಎರಡು ವರ್ಷ.

ಪ್ರಶ್ನೆಪತ್ರಿಕೆಯ ಬಗ್ಗೆ ನನ್ನನ್ನು ಏನೂ ಕೇಳಬೇಡ. ಕೇಳಿದರೆ ಉತ್ತರ ಕೊಡುವುದಿಲ್ಲ. ಹುಡುಗಿಯರಿಗೆ ಪುಸ್ತಕದ ವ್ಯಾಖ್ಯೆಗಳನ್ನೂ ಬರೆಸು. ಎರಡೂ ಕೈಯಲ್ಲಿ ಇರಲಿ.

ಆದರೆ ಆ ಸೌಂದರ್ಯಾಳ ಮಾತು ನನ್ನನ್ನು ಬಿಡುತ್ತಿಲ್ಲ. ‘ಉತ್ತರ ಕೊಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.’ ಪಿಎಚ್.ಡಿ. ಮಾಡಿದವರಿಂದಲೂ ನಾನು ಇದನ್ನು ಕೇಳಿಲ್ಲ.

ನಿರ್ಮಲಾ

*

ದಾಂಡೇಲಿ
6 ಜುಲೈ 2025

ನಿರ್ಮಲಕ್ಕಾ,

ನಾಲ್ಕು ತಿಂಗಳು ಬರೆಯಲಿಲ್ಲ, ಕ್ಷಮಿಸಿ. ಆಂತರಿಕ ಅಂಕ, ಹಾಜರಾತಿ, ಪೋರ್ಟಲ್, ಮೇಲ್ವಿಚಾರಣೆ. ಸಂಜೆ ಹಳಿಯಾಳದಿಂದ ಬಸ್ಸಿನಲ್ಲಿ ಬಂದು ಕೂತರೆ ಪೆನ್ನು ಹಿಡಿಯುವುದೂ ಒಂದು ಕೆಲಸ ಅನ್ನಿಸುತ್ತದೆ.

ಫಲಿತಾಂಶ ಬಂತು. ಸೌಂದರ್ಯಾ ಎಲ್ಲ ವಿಷಯದಲ್ಲೂ ಪಾಸು, ನನ್ನ ವಿಷಯ ಬಿಟ್ಟು. ಅರವತ್ತಕ್ಕೆ ಹತ್ತೊಂಬತ್ತು. ಇಪ್ಪತ್ತೊಂದು ಬೇಕಿತ್ತು.

ಉತ್ತರಪತ್ರಿಕೆಯ ನಕಲು ತರಿಸಿದೆ. ಕೊನೆಯ ಪ್ರಶ್ನೆ ಹತ್ತು ಅಂಕದ್ದು: "ಸಂದರ್ಶನದಲ್ಲಿ ನಿರುತ್ತರವನ್ನು ವ್ಯಾಖ್ಯಾನಿಸಿ." ಅವಳು ಅದನ್ನೇ ಮೊದಲು ಎತ್ತಿಕೊಂಡು ಐದು ಪುಟ ಬರೆದಿದ್ದಾಳೆ, ಗೋದುಬಾಯಿಯ ಮನೆಯ ಬಗ್ಗೆ. ಉಳಿದ ಪ್ರಶ್ನೆಗಳಿಗೆ ಸಮಯ ಸಾಲಲಿಲ್ಲ. ಐದು ಪುಟಕ್ಕೂ ಅಡ್ಡಲಾಗಿ ಒಂದು ಕೆಂಪು ಗೆರೆ. ‘ಪ್ರಸ್ತುತವಲ್ಲ’ ಎಂದು ಬರೆದು ಒಂದು ಅಂಕ ಕೊಟ್ಟಿದ್ದಾರೆ.

ಪ್ರಶ್ನೆಪತ್ರಿಕೆಯನ್ನು ತೆಗೆದು ನೋಡಿದೆ. ಕನ್ನಡದ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನ ಸಾಲು. ಅಲ್ಲಿ ‘ಡಿಫೈನ್’ ಎಂದಿದೆ. ಅಂದರೆ ಅವರಿಗೆ ಬೇಕಾಗಿದ್ದದ್ದು ಪುಸ್ತಕದ ಎರಡು ಸಾಲಿನ ವ್ಯಾಖ್ಯೆ, ವಿಧಗಳು, ಕಾರಣಗಳು. ಕನ್ನಡ ಮಾಧ್ಯಮದ ಹುಡುಗಿ ಇಂಗ್ಲಿಷ್ ಸಾಲನ್ನು ಯಾಕೆ ಓದುತ್ತಾಳೆ?

ಬಿ.ಎಡ್.ಗೆ ಅರ್ಜಿ ಹಾಕಲು ಸೆಪ್ಟೆಂಬರ್ ಕೊನೆಯವರೆಗೆ ಸಮಯವಿದೆ. ಈ ಎರಡು ಅಂಕ ಸಿಗದಿದ್ದರೆ ಮುಂದಿನ ಮೇ ತಿಂಗಳವರೆಗೆ ಕಾಯಬೇಕು. ಅವಳ ತಾಯಿ ಚಂಪಾಬಾಯಿ ಕಾಲೇಜಿಗೆ ಬಂದಿದ್ದರು. "ಒಂದು ವರ್ಷ ಮನಿಯಾಗ ಕುಂತ್ಳಂದ್ರ ಹೊರಗ ಬೀಳಂಗಿಲ್ರಿ ಬಾಯಾರ. ನಮ್ಮ ಮಂದಿ ಬಿಡಂಗಿಲ್ಲ" ಎಂದರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ಏನು ಮಾಡಲಿ, ಹೇಳಿ.

ಸುಮಿತಾ

*

ಮುಂಡಗೋಡ
15 ಜುಲೈ 2025

ಸುಮಿತಾ,

ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿಸು. ನಿಯಮ ಇರುವುದು ಅಷ್ಟೇ.

ಮೌಲ್ಯಮಾಪಕರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅವರ ಮುಂದೆ ಒಂದು ಸ್ಕೀಮ್ ಇರುತ್ತದೆ. ಯಾವುದಕ್ಕೆ ಎಷ್ಟು ಅಂಕ ಎಂದು ಅದರಲ್ಲಿ ಬರೆದಿರುತ್ತದೆ, ಅವರು ಹಾಗೇ ಕೊಡುತ್ತಾರೆ. ದಿನಕ್ಕೆ ಇಷ್ಟು ಪತ್ರಿಕೆ ಎಂದು ಲೆಕ್ಕ.

ಇಲ್ಲಿ ಮಳೆ ಜೋರಾಗಿದೆ. ನನ್ನ ಆರೋಗ್ಯ ಅಷ್ಟಕ್ಕಷ್ಟೆ. ಹೆಚ್ಚು ಬರೆಯಲು ಆಗುತ್ತಿಲ್ಲ.

ನಿರ್ಮಲಾ

*

ದಾಂಡೇಲಿ
3 ಆಗಸ್ಟ್ 2025

ನಿರ್ಮಲಕ್ಕಾ,

ಮರುಮೌಲ್ಯಮಾಪನದ ಫಲಿತಾಂಶ ಬಂತು. ‘ಬದಲಾವಣೆ ಇಲ್ಲ.’

ನಿಮ್ಮ ಕಳೆದ ಕಾಗದ ಒಂಬತ್ತು ಸಾಲು ಇತ್ತು. ನನ್ನ ಮೇಲೆ ನಿಮಗೆ ಬೇಸರವಾಗಿದೆ ಎಂದುಕೊಂಡೆ. ಪುಸ್ತಕದ ವ್ಯಾಖ್ಯೆಗಳನ್ನೂ ಬರೆಸು ಎಂದು ಮಾರ್ಚಿನಲ್ಲೇ ಹೇಳಿದ್ದಿರಿ, ನಾನು ಬರೆಸಲಿಲ್ಲ. ಬೇಸರ ನ್ಯಾಯವೇ. ಆದರೆ ನಾನು ನಿಮ್ಮಿಂದ ಮುಚ್ಚಿಟ್ಟದ್ದು ಅದಕ್ಕಿಂತ ದೊಡ್ಡದು. ಜುಲೈನ ಕಾಗದದಲ್ಲಿ ಬರೆಯಲು ಕೈ ಬರಲಿಲ್ಲ.

ಮೇ ತಿಂಗಳು, ಪರೀಕ್ಷೆಗೆ ನಾಲ್ಕು ದಿನ ಇದ್ದಾಗ ಸೌಂದರ್ಯಾ ಗ್ರಂಥಾಲಯದ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದಳು.

"ಮೇಡಂರಿ, ವ್ಯಾಖ್ಯಾನಿಸಿ ಅಂತ ಬಂದ್ರ ಏನ ಬರೀಬೇಕ್ರಿ?"

"ವ್ಯಾಖ್ಯಾನ ಅಂದರೆ ನಿನಗೆ ಏನು ಅರ್ಥವಾಯಿತೋ ಅದು. ಕಾರಣ ಕೊಟ್ಟು ಬಿಡಿಸಿ ಬರಿ."

"ಪುಸ್ತಕದಾಗಿನ ಎರಡು ಸಾಲು ಅಲ್ಲೇನ್ರಿ? ಹೈಸ್ಕೂಲಿನಾಗ ಹಂಗ ಬರೀತಿದ್ವಿ. ವ್ಯಾಖ್ಯಾನಿಸಿ ಅಂದ್ರ ಬಾಯಿಪಾಠ."

"ಅಲ್ಲ" ಎಂದೆ. ನಕ್ಕೆ ಕೂಡ. "ಅದನ್ನ ಹೈಸ್ಕೂಲಿನಲ್ಲೇ ಬಿಟ್ಟು ಬಾ."

ಪಕ್ಕದಲ್ಲಿದ್ದ ಸಹಪಾಠಿ ಸರಿತಾ, "ಏ, ಮೇಡಂ ಹೇಳ್ಯಾರಲ್ಲ, ನಡಿ ಇನ್ನ" ಎಂದು ಅವಳನ್ನು ಎಳೆದುಕೊಂಡು ಹೋದಳು. ಸರಿತಾ ಎರಡು ಸಾಲು ವ್ಯಾಖ್ಯೆಯನ್ನೇ ಬರೆದು ಪಾಸಾಗಿದ್ದಾಳೆ. ನನ್ನ ಮಾತನ್ನು ನಂಬಿದವಳು ಸೌಂದರ್ಯಾ ಒಬ್ಬಳೇ.

ನಿಮಗೆ ಗೊತ್ತು, ನಾನು ಓದಿದ್ದೆಲ್ಲ ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡವನ್ನು ಶಾಲೆಯ ಕನ್ನಡವಾಗಿ ನಾನು ಕಲಿಯಲೇ ಇಲ್ಲ. ಇಪ್ಪತ್ತು ದಾಟಿದ ಮೇಲೆ ನಿಘಂಟು ಹಿಡಿದುಕೊಂಡು, ವಚನಗಳ ವ್ಯಾಖ್ಯಾನಗಳನ್ನು ಓದಿಕೊಂಡು ಕಲಿತೆ. ಆ ಪುಸ್ತಕಗಳಲ್ಲಿ ವ್ಯಾಖ್ಯಾನ ಎಂದರೆ ಒಂದು ಸಾಲಿನ ಒಳಗೆ ಇಳಿದು ನೋಡುವುದು. ಪರೀಕ್ಷೆಯ ಕೋಣೆಯಲ್ಲಿ ಅದೇ ಮಾತಿಗೆ ಬೇರೆ ಅರ್ಥ ಇದೆ ಎಂಬುದು ಹದಿನೇಳು ವರ್ಷ ಪಾಠ ಮಾಡಿದರೂ ನನಗೆ ತಲೆಗೆ ಹೋಗಿರಲಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ನಾನು ಯಾವಾಗಲೂ ಇಂಗ್ಲಿಷ್ ಸಾಲನ್ನೇ ಓದುತ್ತೇನಲ್ಲ. ಅವಳಿಗೆ ಗೊತ್ತಿತ್ತು. ಸರಿಯಾಗಿ ಗೊತ್ತಿದ್ದ ಹುಡುಗಿಗೆ ನಾನು ತಪ್ಪು ಎಂದು ಹೇಳಿ ಕಳಿಸಿದೆ. ಗುರಿಗೂ ಪಾಠಕ್ಕೂ ಪರೀಕ್ಷೆಗೂ ಹೊಂದಿಕೆ ಇಲ್ಲ ಎಂದು ನಿಮಗೆ ಬರೆದವಳು ನಾನೇ. ಅವು ಮೂರೂ ಬೇರೆಯಾದ ಜಾಗದಲ್ಲಿ ನಿಂತಿದ್ದವಳೂ ನಾನೇ.

ಅವಳ ಉತ್ತರದಿಂದ ಒಂದು ಭಾಗವನ್ನು ನಿಮಗಾಗಿ ನಕಲು ಮಾಡುತ್ತಿದ್ದೇನೆ:

"ನಾನು ಗೋದುಬಾಯಿಯವರಿಗೆ ಹಳೆಯ ಊರಿಗೂ ಈ ಊರಿಗೂ ಏನು ವ್ಯತ್ಯಾಸ ಎಂದು ಕೇಳಿದೆನು. ಅವರು ಸುಮ್ಮನಿದ್ದರು. ನಾನು ಹಾಳೆಯಲ್ಲಿ ಅಡ್ಡಗೆರೆ ಹಾಕಿದೆನು. ಅವರು ಕೊಂಕಣಿಯಲ್ಲಿ ನಿಮ್ಮ ಊಟ ಆಯಿತೇ ಎಂದು ಕೇಳಿದರು. ಅವರ ಮಗ ಎದುರಿಗೆ ಕುಳಿತು ತಾನೇ ಉತ್ತರ ಹೇಳುತ್ತಿದ್ದನು. ಮಗ ಎಮ್ಮೆ ಕಟ್ಟಲು ಎದ್ದು ಹೋದಾಗ ಅವರು ಬೆರಳು ಮಡಚಿ ಹಳೆಯ ಊರಿನ ಮನೆಗಳ ಹೆಸರನ್ನು ಸಾಲಾಗಿ ಹೇಳಿದರು. ಒಂದು ಮನೆ ಬಂದಾಗ ನಿಲ್ಲಿಸಿ, ಮತ್ತೆ ಮೊದಲಿನಿಂದ ಎಣಿಸಿದರು. ನನ್ನ ಹಾಳೆಯಲ್ಲಿ ಇದಕ್ಕೆ ಜಾಗ ಇರಲಿಲ್ಲ. ಹಿಂದೆ ಬರೆದುಕೊಂಡೆನು. ಆದ್ದರಿಂದ ನಿರುತ್ತರ ಎಂದರೆ ಉತ್ತರ ಇಲ್ಲದಿರುವುದಲ್ಲ. ನಮ್ಮ ಹಾಳೆಯಲ್ಲಿ ಅದಕ್ಕೆ ಜಾಗ ಇಲ್ಲದಿರುವುದು."

ಇದರ ಮೇಲೆ ಆ ಕೆಂಪು ಗೆರೆ ಹಾದುಹೋಗಿದೆ.

ನಾನು ಅವಳಿಗೆ ಇನ್ನೂ ಕ್ಷಮೆ ಕೇಳಿಲ್ಲ. ಕೇಳಿದರೆ "ಇರ್ಲಿ ಬಿಡ್ರಿ ಮೇಡಂ" ಅನ್ನುತ್ತಾಳೆ. ಅದನ್ನು ಕೇಳಿಸಿಕೊಳ್ಳಲು ನನಗೆ ಆಗುವುದಿಲ್ಲ.

ಸುಮಿತಾ

*

ಮುಂಡಗೋಡ
10 ಆಗಸ್ಟ್ 2025

ಸುಮಿತಾ,

ನಿನ್ನ ಮೇಲೆ ನನಗೆ ಯಾವ ಬೇಸರವೂ ಇರಲಿಲ್ಲ.

ಆ ಪ್ರಶ್ನೆಯನ್ನು ಹಾಕಿದವಳು ನಾನು.

ಪತ್ರಿಕೆ ತೆಗೆಯುವವರು ಹೆಸರು ಹೇಳಬಾರದು ಎಂಬುದು ನಿಯಮ. ಮೂವತ್ತು ವರ್ಷ ಪಾಲಿಸಿದ್ದೇನೆ. ಇಂದು ಮುರಿಯುತ್ತಿದ್ದೇನೆ. ಮಾರ್ಚಿನಲ್ಲಿ ನಿನ್ನ ಕಾಗದ ಬಂದ ವಾರವೇ ನಾನು ಪತ್ರಿಕೆ ತಯಾರಿಸುತ್ತಿದ್ದೆ. ನಿನ್ನ ಹುಡುಗಿಯ ಮಾತು ಮನಸ್ಸಿನಲ್ಲಿತ್ತು. ಎಲ್ಲೋ ಒಬ್ಬರು ಹೊರಗೆ ಹೋಗಿ ನೋಡಿ ಬಂದಿದ್ದಾರೆ, ಅಂಥವರಿಗೆ ಬರೆಯಲು ಒಂದು ಪ್ರಶ್ನೆಯಾದರೂ ಇರಲಿ ಎಂದುಕೊಂಡೆ. ‘ವ್ಯಾಖ್ಯಾನಿಸಿ’ ಎಂದು ಬರೆದಾಗ ನನ್ನ ಮನಸ್ಸಿನಲ್ಲಿದ್ದದ್ದು ನೀನು ಅವಳಿಗೆ ಹೇಳಿದ ಅರ್ಥವೇ. ನೀನು ಹೇಳಿದ್ದು ತಪ್ಪಲ್ಲ. ಅವಳು ಬರೆದದ್ದೂ ತಪ್ಪಲ್ಲ.

ಮುಂದಿನದು ಕೇಳು. ಇಂಗ್ಲಿಷ್ ಸಾಲನ್ನು ನಾನೇ ಬರೆಯಬೇಕಿತ್ತು. ಇಂಗ್ಲಿಷ್ ಬರೆಯುವುದೆಂದರೆ ನನಗೆ ಯಾವತ್ತೂ ಕೈ ಭಾರ. ಹನ್ನೊಂದು ವರ್ಷ ನಿನ್ನ ಪಕ್ಕದ ಕುರ್ಚಿಯಲ್ಲಿ ಕೂತು ಬೇರೆ ಬರಹವನ್ನೆಲ್ಲ ನಿನ್ನಿಂದಲೇ ತಿದ್ದಿಸಿಕೊಳ್ಳುತ್ತಿದ್ದೆ. ಈ ಸಲ ಖಾಲಿ ಬಿಟ್ಟು ಕಳಿಸಿದೆ. ಆಫೀಸಿನಲ್ಲಿ ಯಾರೋ ತುಂಬಿದರು. ಎಲ್ಲ ಪತ್ರಿಕೆಯಲ್ಲೂ ವ್ಯಾಖ್ಯಾನಿಸಿ ಎಂದರೆ ಡಿಫೈನ್ ಇರುತ್ತದೆ, ಅದನ್ನೇ ಹಾಕಿದರು. ಸ್ಕೀಮಿನ ಹಾಳೆಯಲ್ಲೂ ‘ಹತ್ತು ಅಂಕ’ ಎಂದು ಮಾತ್ರ ಬರೆದೆ. ಅಂಕ ಯಾವುದಕ್ಕೆ ಎಂದು ಬರೆಯಲಿಲ್ಲ. ಅರ್ಧ ತಾಸಿನ ಕೆಲಸ ಸುಮಿತಾ. ದಣಿದಿದ್ದೆ. ಯಾರು ಓದುತ್ತಾರೆ ಎಂದುಕೊಂಡೆ.

ಜುಲೈನಲ್ಲಿ ನಿನ್ನ ಕಾಗದ ಓದಿದ ಕೂಡಲೇ ನನಗೆ ಎಲ್ಲ ಗೊತ್ತಾಯಿತು. ಆದರೂ ಮರುಮೌಲ್ಯಮಾಪನ ಎಂದು ಬರೆದೆ. ಸ್ಕೀಮ್ ಅದೇ ಇದ್ದರೆ ಯಾರು ನೋಡಿದರೂ ಅದೇ ಅಂಕ ಬರುತ್ತದೆ ಎಂದು ಗೊತ್ತಿದ್ದೂ ಬರೆದೆ. ಆರೋಗ್ಯ ಸರಿ ಇಲ್ಲ ಎಂದದ್ದು ಸುಳ್ಳು.

ಗುರುವಾರ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಹೋಗಿ ಕಾಗದ ಕೊಟ್ಟು ಬಂದೆ. ಪ್ರಶ್ನೆಯ ಉದ್ದೇಶ ಏನಿತ್ತು, ನಾನು ಎಲ್ಲಿ ತಪ್ಪಿದೆ, ಎರಡನ್ನೂ ಬರೆದಿದ್ದೇನೆ. ಅಲ್ಲಿನ ಅಧಿಕಾರಿ ಓದಿ, "ಮೇಡಂ, ಎರಡು ವರ್ಷ ಉಳದೈತಿ. ಸುಮ್ನ ಯಾಕ ಮೈಮ್ಯಾಗ ಎಳ್ಕೋತೀರಿ?" ಎಂದರು. ಕಿವಿ ಕೇಳಿಸದವಳ ಹಾಗೆ ಕೂತೆ. ಅವರು ಮತ್ತೊಮ್ಮೆ ಜೋರಾಗಿ ಹೇಳಿದರು. ನಾಲ್ಕು ಮೇಜಿನವರು ತಿರುಗಿ ನೋಡಿದರು. ಆಮೇಲೆ ಮುದ್ರೆ ಹಾಕಿ ತೆಗೆದುಕೊಂಡರು.

ಇನ್ನು ನನಗೆ ಪತ್ರಿಕೆ ಕೊಡುವುದಿಲ್ಲ. ಮಂಡಳಿಯಿಂದಲೂ ಬಿಡಬೇಕಾಗಬಹುದು. ಇರಲಿ.

ನಿರ್ಮಲಾ

*

ದಾಂಡೇಲಿ
7 ಸೆಪ್ಟೆಂಬರ್ 2025

ನಿರ್ಮಲಕ್ಕಾ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತು ಎದ್ದೆ. ಮೊದಲ ದಿನ ಸಿಟ್ಟು ಬಂದದ್ದು ನಿಜ. ಮರುಮೌಲ್ಯಮಾಪನಕ್ಕೆ ಕಾದ ಆ ಮೂರು ವಾರ ಸೌಂದರ್ಯಾ ದಿನಾ ಬಂದು "ಬಂತೇನ್ರಿ ಮೇಡಂ?" ಎಂದು ಕೇಳಿ ಹೋಗುತ್ತಿದ್ದಳು. ಆಮೇಲೆ ನನ್ನ ಮೌನವನ್ನೂ ಲೆಕ್ಕಕ್ಕೆ ತಂದುಕೊಂಡೆ. ಸಿಟ್ಟು ಇಳಿಯಿತು. ದಣಿವು ಮಾತ್ರ ಉಳಿಯಿತು.

ಮೊನ್ನೆ ಸುತ್ತೋಲೆ ಬಂತು. ‘ಪ್ರಶ್ನೆಯಲ್ಲಿ ಅಸ್ಪಷ್ಟತೆ ಇದ್ದ ಕಾರಣ, ಅದನ್ನು ಪ್ರಯತ್ನಿಸಿದ ಎಲ್ಲ ವಿದ್ಯಾರ್ಥಿಗಳಿಗೂ, ಈಗಾಗಲೇ ಹೆಚ್ಚು ಪಡೆದವರನ್ನು ಬಿಟ್ಟು, ಐದು ಅಂಕ ನೀಡತಕ್ಕದ್ದು.’ ಸೌಂದರ್ಯಾಳ ಒಂದು ಐದಾಯಿತು, ಹತ್ತೊಂಬತ್ತು ಇಪ್ಪತ್ಮೂರಾಯಿತು. ಪಾಸು. ಬಿ.ಎಡ್. ಅರ್ಜಿಯನ್ನು ನಿನ್ನೆ ಕಾಲೇಜಿನ ಕಂಪ್ಯೂಟರಿನಲ್ಲೇ ತುಂಬಿಸಿದೆ. ಚಂಪಾಬಾಯಿ ಫೋನಿನಲ್ಲಿ ಅತ್ತರು. ಸಂಜೀವಕುಮಾರ ಸರ್ ಎಲ್ಲರಿಗೂ ಗಿರಮಿಟ್ ತರಿಸಿದರು.

ಇದೆಲ್ಲ ನಿಮ್ಮಿಂದ ಆದದ್ದು. ಅವಳಿಗೆ ನಿಮ್ಮ ಹೆಸರು ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ. "ಇರ್ಲಿ ಬಿಡ್ರಿ" ಅನ್ನಲಿಲ್ಲ. "ನಾ ಕೇಳಿದ್ನೆಲ್ರಿ ಮೇಡಂ" ಎಂದಳು. ಹೌದು, ಕೇಳಿದ್ದಳು.

ಅರ್ಜಿ ಮುಗಿದ ಮೇಲೂ ಅವಳು ಎದ್ದು ಹೋಗಲಿಲ್ಲ.

"ಐದು ಮಾರ್ಕ್ಸ್ ಎಲ್ಲಾರಿಗೂ ಕೊಟ್ಟಾರೇನ್ರಿ?"

"ಹೌದು."

"ಪ್ರಶ್ನಿ ನಂಬರ್ ಅಷ್ಟ ಬರದು, ಒಂದ ಸಾಲು ಗೀಚಿದವ್ರಿಗೂ?"

"ಪ್ರಯತ್ನಿಸಿದ ಎಲ್ಲರಿಗೂ."

"ಹಂಗಾರ ನಂದು ಯಾರೂ ಓದಿಲ್ಲ ಅಂದಂಗಾತು."

ನಾನು ಓದಿದ್ದೇನೆ ಎಂದೆ. "ನೀವು ನಮ್ಮ ಮೇಡಂ ಅಲ್ಲೇನ್ರಿ" ಎಂದಳು. ನಮ್ಮವರು ಓದುವುದು ಲೆಕ್ಕಕ್ಕಿಲ್ಲ ಎಂಬ ಧಾಟಿಯಲ್ಲಿ.

ಪೂರ್ತಿ ಐದು ಪುಟದ ನಕಲನ್ನು ಇದರೊಂದಿಗೆ ಇಟ್ಟಿದ್ದೇನೆ. ಯಾಕೆ ಎಂದು ಬರೆಯುವುದಿಲ್ಲ.

ಸುಮಿತಾ

*

ಮುಂಡಗೋಡ
16 ಸೆಪ್ಟೆಂಬರ್ 2025

ಸುಮಿತಾ,

ಇದು ಸೌಂದರ್ಯಾಳಿಗೆ. ಹಾಗೇ ಕೊಡು.

ಹತ್ತಕ್ಕೆ ಏಳು.

ಮಗ ಎದ್ದು ಹೋದ ಮೇಲೆ ಮಾತು ಬಂತು ಎಂಬುದನ್ನು ಗಮನಿಸಿದ್ದಕ್ಕೆ ಮೂರು. ಯಾರ ಎದುರಿಗೆ ಕೇಳುತ್ತೇವೆ ಎಂಬುದು ಪ್ರಶ್ನೆಯಷ್ಟೇ ಮುಖ್ಯ. ನೀನು ಅದನ್ನು ಪುಸ್ತಕದಿಂದ ತೆಗೆದದ್ದಲ್ಲ. ಹಾಳೆಯ ಹಿಂದೆ ಬರೆದುಕೊಂಡಿದ್ದಕ್ಕೆ ಎರಡು. ಕೊನೆಯ ಎರಡು ವಾಕ್ಯಕ್ಕೆ ಎರಡು.

ಮೂರು ಕಳೆದಿದ್ದೇನೆ. ನೀನು ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದ್ದೀ. ಗೋದುಬಾಯಿ ಊಟದ ಮಾತನ್ನು ಕೊಂಕಣಿಯಲ್ಲಿ ಕೇಳಿದರು ಎಂದು ನೀನೇ ಬರೆದಿದ್ದೀ. ಅಲ್ಲಿ ನೀನು ನಿಲ್ಲಬೇಕಿತ್ತು. ಅವರಿಗೆ ಉತ್ತರ ಗೊತ್ತಿದ್ದು ಸುಮ್ಮನಿದ್ದರೋ, ಅಥವಾ ನಿನ್ನ ಪ್ರಶ್ನೆಯೇ ಅವರನ್ನು ಮುಟ್ಟಲಿಲ್ಲವೋ? ಈ ಸಾಧ್ಯತೆಯನ್ನು ನೀನು ಎತ್ತಲೇ ಇಲ್ಲ. ಮುಂದೆ ನಿನ್ನ ತರಗತಿಯಲ್ಲಿ ಒಂದು ಮಗು ಸುಮ್ಮನೆ ಕೂತಾಗ ಇದನ್ನು ಮೊದಲು ಕೇಳಿಕೋ. ಇನ್ನೊಂದು: ಅವರು ನಿಲ್ಲಿಸಿದ ಮನೆ ಯಾರದು ಎಂದು ಬರೆದಿಲ್ಲ. ಕೇಳಿದೆಯೋ ಇಲ್ಲವೋ ಎಂಬುದನ್ನೂ ಬರೆದಿಲ್ಲ.

ಅಕ್ಷರ ಸಣ್ಣದು. ವಯಸ್ಸಾದವರು ಓದುತ್ತಾರೆ ಎಂಬ ನೆನಪಿರಲಿ.

ನಿರ್ಮಲಾ
ಪ್ರಶ್ನೆ ತೆಗೆದವರು

*

ದಾಂಡೇಲಿ
28 ಸೆಪ್ಟೆಂಬರ್ 2025

ನಿರ್ಮಲಕ್ಕಾ,

ಶುಕ್ರವಾರ ಕೊಟ್ಟೆ. ಕಾರಿಡಾರಿನ ಕಿಟಕಿಯ ಹತ್ತಿರ ನಿಂತು ಓದಿದಳು. ನಾನು ಹಾಜರಾತಿ ತುಂಬುವವಳ ಹಾಗೆ ಕೂತಿದ್ದೆ.

ಮೊದಲು ಜಗಳ ತೆಗೆದಳು. "ಮೂರು ಕಳಿಯೂದು ಭಾಳ ಆತ್ರಿ. ಎರಡು ಸಾಕಿತ್ತು. ಆ ಮನಿ ಯಾರದಂತ ಕೇಳಿದ್ನಿ, ಆಕಿ ಹೇಳಲಿಲ್ಲ, ಅದಕ್ಕ ಬರೀಲಿಲ್ಲ." ಹಾಗಾದರೆ ಹೇಳಲಿಲ್ಲ ಎಂಬುದನ್ನೇ ಬರೆಯಬೇಕಿತ್ತು ಎಂದೆ. ಯೋಚಿಸಿದಳು. ಕೊಂಕಣಿಯ ಮಾತಿಗೆ ಬಂದಾಗ ತಲೆ ತಗ್ಗಿಸಿ ಮತ್ತೊಮ್ಮೆ ಓದಿದಳು. ಅದನ್ನು ಒಪ್ಪಿಕೊಂಡಳು ಎಂದು ಕಾಣುತ್ತದೆ.

ಹೊರಡುವಾಗ ಕಾಗದವನ್ನು ಮಡಚಿ ಅಂಕಪಟ್ಟಿಯ ಜೊತೆ ಇಟ್ಟುಕೊಂಡಳು. ಆ ಕಾಗದ ಎಲ್ಲಿಯೂ ನಡೆಯುವುದಿಲ್ಲ, ಅಂಕಪಟ್ಟಿಯ ಲೆಕ್ಕಕ್ಕೆ ಆ ಐದೇ ಬರುತ್ತದೆ ಎಂದು ಹೇಳಬೇಕೆಂದುಕೊಂಡೆ. ಅದಕ್ಕೆ ಮೊದಲೇ ಅವಳು ಹೇಳಿದಳು:

"ಐದು ಎಲ್ಲಾರ್ದೂ ರೀ ಮೇಡಂ. ಏಳು ನಂದು."

ಸುಮಿತಾ